ಕಾಯುವವರ ಗುರುತು

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗ ಅರಸನಾದ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ ಆ ಕಲ್ಲು ಬೆಂಗಳೂರು ಪ್ರದೇಶದಲ್ಲಿ ಈವರೆಗೆ ದೊರೆತಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ವಿದ್ವಾಂಸರು ಎಣಿಸಿದ್ದಾರೆ. ಅದರಲ್ಲಿ ಅರಸನ ಹೆಸರು ಬಂದಿರುವುದು ಕಾಲವನ್ನು ತಿಳಿಸುವುದಕ್ಕೆ. ಕಲ್ಲು ನಿಂತಿರುವುದು ಕಿತ್ತಯ್ಯನೆಂಬ ಒಬ್ಬ ವೀರನ ನೆನಪಿಗೆ. ನಾಡಿನ ಮೇಲೆ ಬಂದವರನ್ನು ಎದುರಿಸಿ ಕಾದಿ ಮಡಿದವನು ಅವನು. ಹೀಗೆ ಊರು ಕಾಯುತ್ತ ಪ್ರಾಣ ನೀಗಿದವರ, ತುರುಗೋಳಿನಲ್ಲಿ ಹಸುಗಳನ್ನು ಮರಳಿಸುತ್ತ ಬಿದ್ದವರ ವೀರಗಲ್ಲುಗಳು ಕನ್ನಡ ನಾಡಿನ ಹಳ್ಳಿ ಹಳ್ಳಿಗಳಲ್ಲಿ ನಿಂತಿವೆ. ಕಾಯುವವನನ್ನು ಹೆಸರು ಹಿಡಿದು ನೆನೆಯುವುದು ಈ ನಾಡಿಗೆ ಹೊಸದಾಗಿ ಕಲಿಸಬೇಕಾದ ಪಾಠವಲ್ಲ.

ಕನ್ನಡದಲ್ಲಿ ‘ಗುರುತು’ ಎಂಬ ಮಾತಿಗೆ ಎರಡು ಅರ್ಥಗಳು ಜೊತೆಯಾಗಿಯೇ ಇವೆ. ಒಬ್ಬನ ಗುರುತು ಇದೆ ಎಂದರೆ ಅವನ ಪರಿಚಯ ಇದೆಯೆಂದು ಅರ್ಥ. ಒಬ್ಬನ ಸೇವೆಯನ್ನು ಗುರುತಿಸಿದರು ಎಂದರೆ ಅವನಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಿದರೆಂದು ಅರ್ಥ. ಮೊದಲನೆಯದು ಇಲ್ಲದೆ ಎರಡನೆಯದು ಹುಟ್ಟಲಾರದು. ಮುಖ ತಿಳಿಯದವನಿಗೆ ಹಾರ ಹಾಕಬಹುದು. ಆದರೆ ಅವನನ್ನು ಮನಸಾರೆ ಗೌರವಿಸುವುದು ಸಾಧ್ಯವಿಲ್ಲ. ಇಂದಿನ ನಗರಗಳಲ್ಲಿ ಪೊಲೀಸರು ಜನರ ಬಳಿಗೆ ಹೋಗುವ ಕಾರ್ಯಕ್ರಮಗಳು ನಡೆಯುತ್ತಿವೆ. ಪೊಲೀಸರಿಗೆ ಪದಕ, ಪ್ರಶಸ್ತಿಗಳನ್ನು ನೀಡುವ ಸಮಾರಂಭಗಳೂ ನಡೆಯುತ್ತಿವೆ. ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದು ಭಾವಿಸುವುದು ರೂಢಿಯಾಗಿದೆ. ವಾಸ್ತವವಾಗಿ ಅವು ಒಂದೇ ಗಿಡದ ಬೇರು ಮತ್ತು ಹೂವು. ಪರಿಚಯವೆಂಬ ಬೇರು ಆಳಕ್ಕೆ ಇಳಿದಲ್ಲಿ ಮಾತ್ರ ಮನ್ನಣೆಯ ಹೂವು ಬಾಡದೆ ನಿಲ್ಲುತ್ತದೆ.

ಈ ಮಾತನ್ನು ಒಂದು ಊರಿನ ನಿದರ್ಶನದಿಂದ ಪರೀಕ್ಷಿಸಬಹುದು. ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ ಯಲಹಂಕಕ್ಕೆ ಮೊದಲೇ ಅಲ್ಲಾಳಸಂದ್ರವು ಸಿಗುತ್ತದೆ. ಊರ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ ಎಂಬುದರ ತದ್ಭವ. ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದರು. ಆ ಕೆರೆ ಇಂದಿಗೂ ಅಲ್ಲಿದೆ. ಒಂದು ಕಡೆ ಕೃಷಿ ವಿಶ್ವವಿದ್ಯಾನಿಲಯದ ವಿಶಾಲವಾದ ಆವರಣ, ಇನ್ನೊಂದು ಕಡೆ ಜಕ್ಕೂರಿನ ವಿಮಾನ ಮೈದಾನ. ಇವುಗಳ ನೆರೆಯಲ್ಲಿ ರಾಗಿಯ ಹೊಲ, ಹೂವಿನ ತೋಟಗಳ ನಡುವೆ ಇದ್ದ ಹಳ್ಳಿಯು ಈಗ ಮಹಾನಗರದ ಒಂದು ಬಡಾವಣೆ. ಹಳೆಯ ಊರಿನ ಹೆಂಚಿನ ಮನೆಯ ಪಕ್ಕದಲ್ಲಿಯೇ ಹತ್ತಾರು ಅಂತಸ್ತುಗಳ ವಸತಿ ಸಮುಚ್ಚಯಗಳು ಎದ್ದಿವೆ. ಅವನ್ನು ಕಟ್ಟಲು ಬಂದ ಕೂಲಿಕಾರರ ತಗಡಿನ ಶೆಡ್ಡುಗಳೂ ಅಲ್ಲಲ್ಲಿ ಇವೆ. ರಾಯಚೂರಿನ ಕನ್ನಡ, ಆಂಧ್ರದ ತೆಲುಗು, ಬಿಹಾರದ ಹಿಂದಿ, ಬಂಗಾಳದ ಬಂಗಾಳಿ ಇವೆಲ್ಲವೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ.

ಹಳ್ಳಿಯಾಗಿದ್ದ ಕಾಲದಲ್ಲಿ ಇಂತಹ ಊರುಗಳನ್ನು ಕಾಯಲು ತಳವಾರನಿದ್ದನು. ಹನ್ನೆರಡು ಮಂದಿ ಆಯಗಾರರಲ್ಲಿ ಅವನೂ ಒಬ್ಬನು. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದಲೂ ಅವನಿಗೆ ಆಯ ಸಲ್ಲುತ್ತಿತ್ತು. ಊರಿಗೆ ಹೊಸಬರು ಯಾರು ಬಂದರು, ಯಾರ ಮನೆಯ ಎತ್ತು ಕಾಣೆಯಾಯಿತು, ಯಾವ ದಾಯಾದಿಗಳ ನಡುವೆ ಬದುವಿನ ಜಗಳ ಹೊಗೆಯಾಡುತ್ತಿದೆ ಎಂಬುದೆಲ್ಲವೂ ಅವನಿಗೆ ತಿಳಿದಿರುತ್ತಿತ್ತು. ಆ ವ್ಯವಸ್ಥೆಯಲ್ಲಿ ದೋಷಗಳು ಇರಲಿಲ್ಲವೆಂದಲ್ಲ. ಜಾತಿಯ ಮೇಲುಕೀಳು ಅದರಲ್ಲಿ ಹಾಸುಹೊಕ್ಕಾಗಿತ್ತು. ಊರ ಪ್ರಮುಖರ ಮಾತೇ ನ್ಯಾಯವಾಗುತ್ತಿದ್ದ ಸಂದರ್ಭಗಳಿಗೂ ಕೊರತೆಯಿರಲಿಲ್ಲ. ಆ ಕಾಲವು ಮರಳಿ ಬರಲೆಂದು ಯಾರೂ ಬಯಸಬೇಕಾಗಿಲ್ಲ. ಆದರೆ ಕಾಯುವವನು ಊರಿಗೆ ಗೊತ್ತು, ಊರು ಕಾಯುವವನಿಗೆ ಗೊತ್ತು ಎಂಬ ಒಂದು ಗುಣವಂತೂ ಅದರಲ್ಲಿತ್ತು.

ಬ್ರಿಟಿಷರ ಆಳ್ವಿಕೆಯಲ್ಲಿ ಈ ಗುಣವು ಕ್ಷೀಣಿಸಿತು. 1857ರ ಹೋರಾಟದಿಂದ ಎಚ್ಚೆತ್ತ ಆಂಗ್ಲ ಸರಕಾರವು 1861ರಲ್ಲಿ ಪೊಲೀಸ್ ಕಾಯಿದೆಯನ್ನು ಜಾರಿಗೆ ತಂದಿತು. ಪ್ರಜೆಗಳನ್ನು ಹತೋಟಿಯಲ್ಲಿ ಇರಿಸುವುದೇ ಅದರ ಮುಖ್ಯ ಉದ್ದೇಶವಾಗಿತ್ತು. ಪರಕೀಯ ಪ್ರಭುತ್ವದ ಕೈಯಾಗಿ ಬಂದ ಪೊಲೀಸನನ್ನು ಜನರು ಭಯದಿಂದಲೇ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ನಾಡಿನ ಅಗತ್ಯಕ್ಕೆ ತಕ್ಕ ಕಾನೂನುಗಳು ಬಂದವು. 1963ರಲ್ಲಿ ಈ ರಾಜ್ಯವು ತನ್ನದೇ ಆದ ಪೊಲೀಸ್ ಅಧಿನಿಯಮವನ್ನು ರಚಿಸಿಕೊಂಡಿತು. ಅದೇ ವರ್ಷ ಬೆಂಗಳೂರು ನಗರಕ್ಕೆ ಪೊಲೀಸ್ ಆಯುಕ್ತರ ಆಡಳಿತವು ಬಂದು, ಸಿ. ಚಾಂಡಿಯವರು ಮೊದಲ ಆಯುಕ್ತರಾದರು. ಕಾನೂನು ಬದಲಾಯಿತು, ಆದರೆ ಜನಮನದಲ್ಲಿ ಬೇರೂರಿದ್ದ ಭಯವು ಅಷ್ಟು ಬೇಗ ಬದಲಾಗಲಿಲ್ಲ.

ಆ ಭಯವು ಇಂದಿಗೂ ಮನೆಮನೆಯಲ್ಲಿ ಪೋಷಿತವಾಗುತ್ತಿರುವುದನ್ನು ಕಾಣಬಹುದು. ಊಟ ಮಾಡದೆ ಹಟ ಹಿಡಿದ ಕೂಸಿಗೆ ತಾಯಿಯು, “ಪೊಲೀಸಪ್ಪ ಬರ್ತಾನೆ ನೋಡು, ಹಿಡ್ಕೊಂಡು ಹೋಗ್ತಾನೆ” ಎಂದು ಹೆದರಿಸುತ್ತಾಳೆ. ಗುಮ್ಮನಿಗೂ ಪೊಲೀಸನಿಗೂ ಆ ಮಗುವಿನ ಮನಸ್ಸಿನಲ್ಲಿ ಭೇದವೇ ಉಳಿಯುವುದಿಲ್ಲ. ಮುಂದೊಂದು ದಿನ ಅದೇ ಮಗು ಸಂತೆಯಲ್ಲಿ ತಪ್ಪಿಸಿಕೊಂಡಾಗ ಎದುರಿಗೆ ನಿಂತ ಖಾಕಿ ಬಟ್ಟೆಯವನ ಬಳಿಗೆ ಓಡಿಹೋಗುವ ಬದಲು ಅವನನ್ನು ಕಂಡು ಓಡಿಹೋಗುತ್ತದೆ. ಮಗುವಿನ ಮಾತು ಹಾಗಿರಲಿ. ಸರಗಳ್ಳತನಕ್ಕೆ ಗುರಿಯಾದ ಹೆಂಗಸು, ಕೂಲಿಯ ಹಣವನ್ನು ಕಳೆದುಕೊಂಡ ಕಾರ್ಮಿಕ, ಮಕ್ಕಳಿಂದಲೇ ಹಿಂಸೆಗೊಳಗಾದ ಮುದುಕ ಇವರೆಲ್ಲರೂ ಠಾಣೆಯ ಮೆಟ್ಟಿಲನ್ನು ಹತ್ತಲು ಹಿಂಜರಿಯುತ್ತಾರೆ. ‘ಆರಕ್ಷಕ’ ಎಂಬ ಶಬ್ದಕ್ಕೆ ರಕ್ಷಿಸುವವನೆಂದು ಅರ್ಥ. ರಕ್ಷಣೆಯನ್ನು ಕೇಳಲು ಹೋಗುವುದಕ್ಕೇ ಹೆದರಿಕೆಯಾದರೆ ಆ ಶಬ್ದದ ಅರ್ಥವೇ ವ್ಯರ್ಥವಾಗುತ್ತದೆ.

ಈ ಭಯವು ಕಳ್ಳರಿಗೆ ಬಂಡವಾಳವೂ ಆಗಿದೆ. ಇತ್ತೀಚಿನ ವರ್ಷಗಳಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ವಂಚನೆಯು ದೇಶದಲ್ಲೆಲ್ಲ ಹಬ್ಬಿದೆ. ವಂಚಕನು ಖಾಕಿ ಉಡುಪನ್ನು ತೊಟ್ಟು ದೂರವಾಣಿಯ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಾನೆ. “ನಿಮ್ಮ ಮೇಲೆ ಮೊಕದ್ದಮೆ ಇದೆ, ಮನೆಯಿಂದ ಹೊರಗೆ ಬರಬೇಡಿ, ಹಣ ಕಳಿಸಿ” ಎಂದು ಗದರಿಸುತ್ತಾನೆ. ಓದಿದವರು, ನಿವೃತ್ತ ಅಧಿಕಾರಿಗಳು ಕೂಡ ಜೀವಮಾನದ ಉಳಿತಾಯವನ್ನು ಅವನ ಕೈಗೆ ಒಪ್ಪಿಸಿದ್ದಾರೆ. ದೂರವಾಣಿಯ ಮೂಲಕ ಬಂಧಿಸುವ ಕ್ರಮವು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ತನ್ನ ಬೀದಿಯ ನಿಜವಾದ ಪೊಲೀಸನ ಪರಿಚಯವಿದ್ದವನು ಆತನನ್ನು ಒಂದು ಮಾತು ಕೇಳಿ ಈ ಬಲೆಯಿಂದ ತಪ್ಪಿಸಿಕೊಳ್ಳಬಲ್ಲನು. 1930 ಎಂಬ ಸಹಾಯವಾಣಿಗೆ ಕರೆ ಮಾಡಬಲ್ಲನು. ಪರಿಚಯವಿಲ್ಲದವನಿಗೆ ಎಲ್ಲ ಖಾಕಿಯೂ ಒಂದೇ, ಎಲ್ಲ ಗದರಿಕೆಯೂ ಒಂದೇ.

ಹೀಗಿರಲು ಪೊಲೀಸರೇ ಜನರ ಬಳಿಗೆ ಬರುವುದು ಅಗತ್ಯವೆಂಬ ಅರಿವು ಇಲಾಖೆಯಲ್ಲಿಯೂ ಮೂಡಿದೆ. ಕರ್ನಾಟಕದಲ್ಲಿ 2017ರಿಂದ ಸುಧಾರಿತ ಗಸ್ತು ವ್ಯವಸ್ಥೆಯು ಜಾರಿಗೆ ಬಂದಿತು. ಠಾಣೆಯ ಸರಹದ್ದನ್ನು ಸಣ್ಣ ಸಣ್ಣ ಗಸ್ತುಗಳಾಗಿ ವಿಂಗಡಿಸಿ, ಒಂದೊಂದು ಗಸ್ತಿನ ಹೊಣೆಯನ್ನು ಒಬ್ಬೊಬ್ಬ ಸಿಬ್ಬಂದಿಗೆ ವಹಿಸುವುದು ಅದರ ತಿರುಳು. ‘ತೆರೆದ ಮನೆ’ ಎಂಬ ಕಾರ್ಯಕ್ರಮದಲ್ಲಿ ಶಾಲೆಯ ಮಕ್ಕಳು ಠಾಣೆಗೆ ಬಂದು ದೂರು ಬರೆದುಕೊಳ್ಳುವ ಬಗೆಯನ್ನೂ ನಿಸ್ತಂತು ಯಂತ್ರವನ್ನೂ ಕಣ್ಣಾರೆ ಕಾಣುತ್ತಾರೆ. ಬೆಂಗಳೂರು ನಗರದ ಠಾಣೆಗಳಲ್ಲಿ ‘ಮಾಸಿಕ ಜನಸಂಪರ್ಕ ದಿವಸ’ವೆಂದು ಅಧಿಕಾರಿಗಳು ನಾಗರಿಕರೊಡನೆ ಕುಳಿತು ಅಹವಾಲುಗಳನ್ನು ಆಲಿಸುವ ಕ್ರಮವಿದೆ. 2025ರ ಜುಲೈ ತಿಂಗಳಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಯೋಜನೆಯು ಆರಂಭವಾಯಿತು. 40-50 ಮನೆಗಳನ್ನು ಒಂದು ಗುಂಪಾಗಿಸಿ, ಗಸ್ತಿನ ಸಿಬ್ಬಂದಿಯೇ ಬಾಗಿಲಿಗೆ ಬಂದು ಕುಶಲ ವಿಚಾರಿಸಿ, ತೊಂದರೆಗಳನ್ನು ತಿಳಿದುಕೊಳ್ಳುವುದು ಅದರ ಉದ್ದೇಶ.

ಇದರಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಯಲಹಂಕದ ಮಳೆಯೇ ಉತ್ತರ ಹೇಳುತ್ತದೆ. 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ಧಾರಾಕಾರ ಮಳೆ ಸುರಿದು, ಅಲ್ಲಿನ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು. ನಿವಾಸಿಗಳನ್ನು ದೋಣಿಗಳಲ್ಲಿ ಹೊರಗೆ ತರಬೇಕಾಯಿತು. ಕೆರೆಗಳು ಒಂದಕ್ಕೊಂದು ಹೆಣೆದುಕೊಂಡಿರುವ ಈ ಸೀಮೆಯಲ್ಲಿ ಅಂತಹ ರಾತ್ರಿ ಯಾವ ಊರಿಗೂ ಬರಬಹುದು. ಆಗ ಯಾವ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿದ್ದಾರೆ, ಎಲ್ಲಿ ತುಂಬು ಗರ್ಭಿಣಿ ಇದ್ದಾಳೆ, ಯಾವ ಶೆಡ್ಡಿನಲ್ಲಿ ಪುಟ್ಟ ಮಕ್ಕಳು ಮಲಗಿವೆ ಎಂಬುದನ್ನು ಮುಂಚಿತವಾಗಿ ತಿಳಿದವನೊಬ್ಬನು ಬೇಕು. ಹತ್ತು ಬಾರಿ ಬಾಗಿಲಿಗೆ ಬಂದು ಕುಶಲ ಕೇಳಿದವನಿಗೆ ಮಾತ್ರ ಇದು ಗೊತ್ತಿರುತ್ತದೆ. ಹೊಳೆ ಬಂದ ಮೇಲೆ ಹೊಳೆಯ ಆಳವನ್ನು ಕೇಳುತ್ತ ನಿಲ್ಲುವುದಕ್ಕೆ ಕಾಲವಿರುವುದಿಲ್ಲ.

ಜನರೊಡನೆ ಬೆರೆತು ಕಾಯುವ ಈ ವಿಚಾರವನ್ನು ಬೇರೆ ನಾಡುಗಳೂ ತಮ್ಮ ತಮ್ಮ ರೀತಿಯಲ್ಲಿ ಕಂಡುಕೊಂಡಿವೆ. 1829ರಲ್ಲಿ ಲಂಡನ್ ನಗರಕ್ಕೆ ಹೊಸ ಪೊಲೀಸ್ ಪಡೆಯನ್ನು ಕಟ್ಟಿದ ರಾಬರ್ಟ್ ಪೀಲನ ಹೆಸರಿನೊಡನೆ ಬೆಳೆದು ಬಂದ ತತ್ವವೊಂದಿದೆ. ಪೊಲೀಸನ ಶಕ್ತಿಯು ಜನರ ಒಪ್ಪಿಗೆಯಿಂದ ಬರುತ್ತದೆಯೇ ಹೊರತು ಅವನ ಕೈಯ ಆಯುಧದಿಂದ ಅಲ್ಲ ಎಂಬುದು ಅದರ ಸಾರ. ಜಪಾನಿನ ನಗರಗಳಲ್ಲಿ ‘ಕೋಬಾನ್’ ಎಂಬ ಪುಟ್ಟ ಚೌಕಿಗಳು ಬೀದಿಯ ಮೂಲೆಯಲ್ಲಿರುತ್ತವೆ. ದಾರಿ ತಪ್ಪಿದವರಿಗೆ ವಿಳಾಸ ತೋರಿಸುವುದು, ಕಳೆದುಹೋದ ಕೊಡೆಯನ್ನು ತೆಗೆದಿರಿಸುವುದು ಕೂಡ ಅಲ್ಲಿನ ಪೊಲೀಸರ ನಿತ್ಯದ ಕೆಲಸ. ನೆರೆಯ ಕೇರಳದಲ್ಲಿ 2008ರಲ್ಲಿ ‘ಜನಮೈತ್ರಿ’ ಎಂಬ ಯೋಜನೆಯು, 2010ರಲ್ಲಿ ಶಾಲಾ ವಿದ್ಯಾರ್ಥಿಗಳ ಪೊಲೀಸ್ ಕೆಡೆಟ್ ಯೋಜನೆಯು ಆರಂಭವಾದವು. ಎರಡನೆಯದು ಮುಂದೆ ಇತರ ರಾಜ್ಯಗಳಿಗೂ ಹರಡಿತು.

ಆದರೆ ಒಳ್ಳೆಯ ಯೋಜನೆಯೂ ಅವಿವೇಕದಿಂದ ಕೆಡಬಹುದು. ವೇದಿಕೆ, ಶಾಮಿಯಾನ, ಭಾಷಣ, ಛಾಯಾಚಿತ್ರ ಇವುಗಳಿಂದಲೇ ಜನಸಂಪರ್ಕವು ಮುಗಿಯಿತೆಂದು ತಿಳಿದರೆ ಅದು ಒಂದು ದಿನದ ಜಾತ್ರೆಯಾಗುತ್ತದೆ. ವಸತಿ ಸಮುಚ್ಚಯದ ಸಭಾಂಗಣದಲ್ಲಿ ಕಾಫಿ ಕುಡಿದು ಬಂದ ಅಧಿಕಾರಿಯು ಅದರ ಹಿಂದಿನ ಕೂಲಿಕಾರರ ಶೆಡ್ಡಿಗೆ ಹೋಗದಿದ್ದರೆ ಅರ್ಧ ಊರಿನ ಗುರುತು ಮಾತ್ರ ಅವನಿಗೆ ಆಗುತ್ತದೆ. ರಕ್ಷಣೆಯ ಅಗತ್ಯ ಹೆಚ್ಚಾಗಿರುವುದು ಉಳಿದರ್ಧ ಊರಿಗೇ. ಇನ್ನೊಂದು ಅಪಾಯವೂ ಉಂಟು. ಕುಶಲ ಕೇಳಲು ಬಂದವನು ಮನೆಯೊಳಗಿನ ಗುಟ್ಟನ್ನು ಕೆದಕತೊಡಗಿದರೆ, ಯಾರ ಮನೆಗೆ ಯಾರು ಬರುತ್ತಾರೆ, ಯಾರು ಏನು ತಿನ್ನುತ್ತಾರೆ ಎಂದು ಲೆಕ್ಕವಿಡತೊಡಗಿದರೆ ಪರಿಚಯವು ಪಹರೆಯಾಗಿ ಮಾರ್ಪಡುತ್ತದೆ. ಹೊಸ್ತಿಲಿನವರೆಗೆ ಬರುವುದು ಸ್ನೇಹ. ಕರೆಯದೆ ಹೊಸ್ತಿಲನ್ನು ದಾಟುವುದು ಅತಿಕ್ರಮ. ಈ ಗೆರೆಯನ್ನು ಅರಿತು ನಡೆಯುವವನೇ ನಿಜವಾದ ಜನಸ್ನೇಹಿ.

ಇನ್ನು ಮನ್ನಣೆಯ ವಿಚಾರ. ಸೇವೆಯನ್ನು ಗುರುತಿಸಲು ಸರಕಾರವು ಅನೇಕ ಏರ್ಪಾಡುಗಳನ್ನು ಮಾಡಿದೆ. ಶೌರ್ಯಕ್ಕಾಗಿ ಮತ್ತು ವಿಶಿಷ್ಟ ಸೇವೆಗಾಗಿ ರಾಷ್ಟ್ರಪತಿಗಳ ಹೆಸರಿನ ಪದಕಗಳು 1951ರಲ್ಲಿ ಸ್ಥಾಪಿತವಾದವು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನೋತ್ಸವಗಳ ಸಂದರ್ಭದಲ್ಲಿ ಅವುಗಳ ಪಟ್ಟಿಯು ಪ್ರಕಟವಾಗುತ್ತದೆ. ಕರ್ನಾಟಕದಲ್ಲಿ ಪ್ರತಿ ವರ್ಷ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನವನ್ನು ಆಚರಿಸಿ, ಮುಖ್ಯಮಂತ್ರಿಗಳ ಪದಕಗಳನ್ನು ಪ್ರದಾನ ಮಾಡಲಾಗುತ್ತದೆ. ಅಕ್ಟೋಬರ್ 21 ಹುತಾತ್ಮರ ದಿನ. 1959ರಲ್ಲಿ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನಾದ ಸೈನಿಕರ ದಾಳಿಗೆ ಹತ್ತು ಮಂದಿ ಪೊಲೀಸರು ಬಲಿಯಾದರು. ಕನ್ನಡ ನಾಡಿನ ಹುತಾತ್ಮರ ಸಾಲೂ ಸಣ್ಣದಲ್ಲ. 1992ರ ಆಗಸ್ಟಿನಲ್ಲಿ ವೀರಪ್ಪನ್ ತಂಡದ ಗುಂಡಿಗೆ ಎರೆಯಾದ ಹರಿಕೃಷ್ಣ ಮತ್ತು ಶಕೀಲ್ ಅಹಮದ್, 2014ರಲ್ಲಿ ಕಲಬುರಗಿಯಲ್ಲಿ ಪಾತಕಿಯ ಗುಂಡೇಟಿನಿಂದ ಮಡಿದ ಮಲ್ಲಿಕಾರ್ಜುನ ಬಂಡೆ, 2015ರಲ್ಲಿ ನೆಲಮಂಗಲದಲ್ಲಿ ವಾಹನಗಳ್ಳರನ್ನು ಹಿಡಿಯಹೋಗಿ ಇರಿತಕ್ಕೊಳಗಾದ ದೊಡ್ಡಬಳ್ಳಾಪುರದ ಸಬ್ ಇನ್ಸ್‌ಪೆಕ್ಟರ್ ಜಗದೀಶ್ ಇವರ ತ್ಯಾಗಕ್ಕೆ ಯಾವ ಪದಕವೂ ಸಮನಾಗಲಾರದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಾವಿಗೂ ಸಾಹಸಕ್ಕೂ ಮಾತ್ರವೇ ಮನ್ನಣೆ ಸಲ್ಲಬೇಕೆ? ಬೆಂಗಳೂರಿನ ಜನರು ತಾವಾಗಿಯೇ ಗುರುತಿಸಿದ ಮೂವರನ್ನು ನೆನೆದರೆ ಉತ್ತರ ದೊರೆಯುತ್ತದೆ.

ಪ್ರಧಾನ ಅಂಚೆ ಕಚೇರಿಯ ಬಳಿಯ ವೃತ್ತದಲ್ಲಿ ವಾಹನ ಸಂಚಾರವನ್ನು ನಿಯಂತ್ರಿಸುತ್ತಿದ್ದ ತಿಮ್ಮಯ್ಯನವರು ಒಬ್ಬ ಸಾಮಾನ್ಯ ಪೊಲೀಸ್ ಸಿಬ್ಬಂದಿ. ಅವರ ಹುರಿಮೀಸೆಯನ್ನೂ ಹಸನ್ಮುಖವನ್ನೂ ಬಲ್ಲ ನಗರವಾಸಿಗಳು ‘ಮೀಸೆ ತಿಮ್ಮಯ್ಯ’ ಎಂದೇ ಅವರನ್ನು ಕರೆಯುತ್ತಿದ್ದರು. 1995ರಲ್ಲಿ ರಸ್ತೆಯನ್ನು ದಾಟುತ್ತಿದ್ದ ತಾಯಿ ಮಗುವನ್ನು ಉಳಿಸಲು ಮುನ್ನುಗ್ಗಿ, ಅವರು ವಾಹನಕ್ಕೆ ಸಿಲುಕಿ ಪ್ರಾಣ ಬಿಟ್ಟರು. ಇಂದು ಆ ಸ್ಥಳವು ‘ಪೊಲೀಸ್ ತಿಮ್ಮಯ್ಯ ವೃತ್ತ’ವೆನಿಸಿದೆ. ಅರಸರ, ಮಂತ್ರಿಗಳ, ಸೇನಾಪತಿಗಳ ಹೆಸರನ್ನು ಹೊತ್ತ ವೃತ್ತಗಳ ನಡುವೆ ಬೀದಿಯಲ್ಲಿ ಬಿಸಿಲಿಗೆ ನಿಂತು ದುಡಿದವನೊಬ್ಬನ ಹೆಸರೂ ಸ್ಥಿರವಾಗಿ ನಿಂತಿದೆ. ತಿಮ್ಮಯ್ಯನವರ ಮರಣವು ಇಷ್ಟು ಆಳವಾಗಿ ಜನರನ್ನು ಕಲಕಿದ್ದಕ್ಕೆ ಕಾರಣ ಆ ಮರಣವೊಂದೇ ಆಗಿರಲಿಲ್ಲ. ಅದಕ್ಕೆ ಮುಂಚೆ ಪ್ರತಿನಿತ್ಯವೂ ಅವರ ನಗುಮುಖವನ್ನು ಕಂಡು ಬೆಳೆದಿದ್ದ ಪರಿಚಯ.

2017ರ ಜೂನಿನಲ್ಲಿ ಅಂದಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಮೆಟ್ರೊ ಮಾರ್ಗದ ಉದ್ಘಾಟನೆಗೆ ಬೆಂಗಳೂರಿಗೆ ಬಂದಿದ್ದರು. ಅವರ ವಾಹನಗಳ ಸಾಲು ಟ್ರಿನಿಟಿ ವೃತ್ತವನ್ನು ಸಮೀಪಿಸುತ್ತಿದ್ದಾಗ ಒಂದು ಆಂಬುಲೆನ್ಸ್ ದಟ್ಟಣೆಯಲ್ಲಿ ಸಿಲುಕಿತು. ಅಲ್ಲಿ ಕರ್ತವ್ಯದಲ್ಲಿದ್ದ ಸಂಚಾರ ವಿಭಾಗದ ಸಬ್ ಇನ್ಸ್‌ಪೆಕ್ಟರ್ ಎಂ. ಎಲ್. ನಿಜಲಿಂಗಪ್ಪನವರು ರಾಷ್ಟ್ರಪತಿಗಳ ವಾಹನಗಳನ್ನು ತಡೆದು ಆಂಬುಲೆನ್ಸಿಗೆ ದಾರಿ ಮಾಡಿಕೊಟ್ಟರು. ಇಲಾಖೆಯು ಅವರನ್ನು ಗದರಿಸಲಿಲ್ಲ, ಬಹುಮಾನವಿತ್ತು ಮೆಚ್ಚಿತು; ದೇಶವೇ ಕೊಂಡಾಡಿತು. ಅಲ್ಲಿ ಬಂದೂಕು ಸಿಡಿಯಲಿಲ್ಲ. ಪದವಿಗಿಂತ ಪ್ರಾಣ ದೊಡ್ಡದೆಂಬ ವಿವೇಕವೊಂದು ಒಂದು ಕ್ಷಣದಲ್ಲಿ ಕೆಲಸ ಮಾಡಿತು.

2020ರಲ್ಲಿ ಕೊರೊನಾ ಮಹಾಮಾರಿಯಿಂದ ಶಾಲೆಗಳು ಮುಚ್ಚಿದವು. ಮೊಬೈಲ್ ಇದ್ದವರಿಗೆ ಪಾಠ ಸಿಕ್ಕಿತು. ಕೂಲಿಕಾರರ ಮಕ್ಕಳಿಗೆ ಸಿಗಲಿಲ್ಲ. ಆಗ ಅನ್ನಪೂರ್ಣೇಶ್ವರಿನಗರ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಶಾಂತಪ್ಪ ಜಡೆಮ್ಮನವರ್ ಅವರು ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ನಾಗರಬಾವಿಯ ಬಳಿಯ ವಲಸೆ ಕಾರ್ಮಿಕರ ಗುಡಿಸಲುಗಳ ನಡುವೆ ನಿಂತು ಮಕ್ಕಳಿಗೆ ಪಾಠ ಹೇಳಿದರು. ಬಡತನವನ್ನು ಉಂಡು ಬೆಳೆದ ಅವರಿಗೆ ಆ ಮಕ್ಕಳ ಕಷ್ಟವು ಪುಸ್ತಕದಿಂದ ತಿಳಿದದ್ದಾಗಿರಲಿಲ್ಲ. ಆ ಮಕ್ಕಳಿಗೆ ಖಾಕಿ ಬಟ್ಟೆಯನ್ನು ಕಂಡರೆ ಗುಮ್ಮನ ನೆನಪಾಗದು, ಗುರುವಿನ ನೆನಪಾಗುತ್ತದೆ.

ಈ ಮೂವರ ಕೆಲಸವನ್ನು ಕಂಡವರಿದ್ದರು. ಆದುದರಿಂದ ಅದು ಬೆಳಕಿಗೆ ಬಂದಿತು. ಕಾಣದೆ ಹೋದ ಕೆಲಸವೆಷ್ಟೋ! ಗಂಡ ಹೆಂಡಿರ ಜಗಳವು ರಕ್ತಪಾತಕ್ಕೆ ತಿರುಗದಂತೆ ನಡುರಾತ್ರಿಯಲ್ಲಿ ಮಾತನಾಡಿಸಿ ಶಾಂತಗೊಳಿಸಿದವನಿಗೆ ಯಾವ ದಾಖಲೆಯಲ್ಲಿಯೂ ಸ್ಥಾನವಿಲ್ಲ. ಕೆಟ್ಟ ಸಹವಾಸಕ್ಕೆ ಬಿದ್ದ ಹುಡುಗನನ್ನು ಠಾಣೆಗೆ ಎಳೆಯದೆ, ಅವನ ತಂದೆತಾಯಿಗೆ ತಿಳಿಹೇಳಿ ಮರಳಿ ಶಾಲೆಗೆ ಕಳುಹಿಸಿದವನಿಗೆ ಪದಕವಿಲ್ಲ. ನಡೆದ ಅಪರಾಧವನ್ನು ಎಣಿಸಬಹುದು. ನಡೆಯದಂತೆ ತಡೆದ ಅಪರಾಧವನ್ನು ಎಣಿಸುವುದು ಹೇಗೆ? ಅದನ್ನು ಬಲ್ಲವರು ಆ ಬೀದಿಯ ಜನರು ಮಾತ್ರ. ಆದುದರಿಂದ ಯಾರಿಗೆ ಮನ್ನಣೆ ಸಲ್ಲಬೇಕೆಂಬ ವಿಚಾರದಲ್ಲಿ ಬೀದಿಯ ಮಾತನ್ನೂ ಕೇಳಬೇಕು. ಬೀದಿಯೆಂದರೆ ಸಂಘದ ಅಧ್ಯಕ್ಷರು, ಅಂಗಡಿಯ ಮಾಲೀಕರು ಮಾತ್ರ ಅಲ್ಲ. ಹೂ ಮಾರುವವಳು, ಆಟೋ ಓಡಿಸುವವನು, ಶೆಡ್ಡಿನಲ್ಲಿ ವಾಸಿಸುವ ಕೂಲಿಯವನು ಎಲ್ಲರೂ ಸೇರಿದ್ದೇ ಬೀದಿ.

‘ಪೊಲೀಸರನ್ನು ಇಷ್ಟು ಹೊಗಳಿದರೆ ಅವರ ತಪ್ಪುಗಳನ್ನು ಕೇಳುವವರು ಯಾರು?’ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಬಡವನೆಂದು ದೂರನ್ನು ಬರೆದುಕೊಳ್ಳದಿರುವುದು, ಕೈ ಒಡ್ಡುವುದು, ವಶದಲ್ಲಿರುವವನ ಮೇಲೆ ಕೈ ಮಾಡುವುದು ಇವು ಇನ್ನೂ ಅಳಿದುಹೋಗದ ಕಳಂಕಗಳು. ಈ ಕಾರಣದಿಂದಲೇ ದೇಶದ ಸರ್ವೋಚ್ಚ ನ್ಯಾಯಾಲಯವು ಡಿ. ಕೆ. ಬಸು ಪ್ರಕರಣದಲ್ಲಿ 1996ರಲ್ಲಿ ಮಹತ್ವದ ತೀರ್ಪನ್ನು ನೀಡಿತು. ಬಂಧಿಸುವ ಪೊಲೀಸನ ಎದೆಯ ಮೇಲೆ ಅವನ ಹೆಸರೂ ಹುದ್ದೆಯೂ ಸ್ಪಷ್ಟವಾಗಿ ಕಾಣುವ ಫಲಕವಿರಬೇಕು, ಬಂಧನದ ವಿವರವನ್ನು ಬರೆದು ಸಾಕ್ಷಿಯ ಸಹಿ ಪಡೆಯಬೇಕು, ಬಂಧಿತನ ಆಪ್ತರಿಗೆ ವಿಷಯವನ್ನು ತಿಳಿಸಬೇಕು ಎಂದು ಅದು ವಿಧಿಸಿತು. ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ಪ್ರತಿ ರಾಜ್ಯದಲ್ಲಿಯೂ ಪ್ರಾಧಿಕಾರ ಇರಬೇಕೆಂದು 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ನಿರ್ದೇಶಿಸಿತು.

ಆ ಹೆಸರಿನ ಫಲಕವನ್ನು ಗಮನಿಸಬೇಕು. ಅಂಗೈಯಗಲವೂ ಇಲ್ಲದ ಆ ಪಟ್ಟಿಯು ಎರಡು ಕೆಲಸ ಮಾಡುತ್ತದೆ. ತಪ್ಪು ಮಾಡಿದರೆ ಯಾರ ಮೇಲೆ ದೂರು ಕೊಡಬೇಕೆಂಬುದನ್ನು ಅದು ಹೇಳುತ್ತದೆ. ಉಪಕಾರ ಮಾಡಿದರೆ ಯಾರನ್ನು ನೆನೆಯಬೇಕೆಂಬುದನ್ನೂ ಅದೇ ಹೇಳುತ್ತದೆ. ಹೆಸರಿಲ್ಲದ ಅಧಿಕಾರವು ದೂರಿಗೂ ಸಿಗದು, ಗೌರವಕ್ಕೂ ಒದಗದು. ಹೀಗಾಗಿ ಒಳ್ಳೆಯವನನ್ನು ಹೆಸರು ಹಿಡಿದು ಮೆಚ್ಚುವ ಸಮಾಜವೇ ಕೆಟ್ಟವನನ್ನು ಹೆಸರು ಹಿಡಿದು ಪ್ರಶ್ನಿಸಬಲ್ಲದು. ಎಲ್ಲರನ್ನೂ ಒಟ್ಟಾಗಿ ಹಳಿಯುವವನು ಪ್ರಾಮಾಣಿಕನಿಗೆ ಅನ್ಯಾಯ ಮಾಡುತ್ತಾನೆ. ಎಲ್ಲರನ್ನೂ ಒಟ್ಟಾಗಿ ಹೊಗಳುವವನು ನೊಂದವನಿಗೆ ಅನ್ಯಾಯ ಮಾಡುತ್ತಾನೆ.

ಇಲಾಖೆಯೂ ತನ್ನವರನ್ನು ಗುರುತಿಸುವ ರೀತಿಯನ್ನು ತಿದ್ದಿಕೊಳ್ಳಬೇಕು. ಹಬ್ಬದ ದಿನ ಎಲ್ಲರೂ ಮನೆಯಲ್ಲಿರುವಾಗ ಕಾನ್‌ಸ್ಟೇಬಲನು ಬೀದಿಯಲ್ಲಿರುತ್ತಾನೆ. ಗಣಪತಿ ವಿಸರ್ಜನೆಯ ರಾತ್ರಿ, ಊರ ಕರಗದ ರಾತ್ರಿ, ಮತದಾನದ ಹಗಲು ಇವುಗಳಲ್ಲಿ ಅವನಿಗೆ ಹೊತ್ತಿನ ಲೆಕ್ಕವಿಲ್ಲ. ದಶಕಗಳ ಕಾಲ ಅವನ ತಲೆಯ ಮೇಲಿದ್ದ ಅಗಲ ಅಂಚಿನ ಟೋಪಿಯ ಬದಲಿಗೆ 2025ರ ಅಕ್ಟೋಬರಿನಲ್ಲಿ ನೀಲಿ ಬಣ್ಣದ ಹೊಸ ಟೋಪಿಯು ಬಂದಿತು. ಅದು ಸ್ವಾಗತಾರ್ಹ. ಆದರೆ ಟೋಪಿಯ ಜೊತೆಗೆ ವಾರದ ರಜೆ, ಮಕ್ಕಳ ಮುಖ ನೋಡಲು ಬಿಡುವು, ಮೇಲಧಿಕಾರಿಯ ಒಂದು ಒಳ್ಳೆಯ ಮಾತು ಇವೂ ಸಿಗಬೇಕು. ಗದರಿಕೆಯನ್ನೇ ಉಂಡವನು ಜನರಿಗೆ ಗದರಿಕೆಯನ್ನೇ ಬಡಿಸುತ್ತಾನೆ. ಅಲ್ಲದೆ, ಒಂದು ಗಸ್ತಿನ ಜನರ ಪರಿಚಯವಾಗುವಷ್ಟರಲ್ಲಿ ಅವನನ್ನು ಇನ್ನೊಂದು ಕಡೆಗೆ ವರ್ಗಾಯಿಸಿದರೆ ಹಾಕಿದ ಬೇರನ್ನು ಕಿತ್ತಂತೆಯೇ ಆಗುತ್ತದೆ.

ಈ ಕೆಲಸದಲ್ಲಿ ವಿದ್ಯಾರ್ಥಿಗಳಿಗೂ ಪಾಲುಂಟು. ಅಲ್ಲಾಳಸಂದ್ರದ ಒಬ್ಬ ಬಾಲಕನು ತನ್ನ ಬೀದಿಯ ಗಸ್ತಿನ ಪೊಲೀಸರ ಹೆಸರೇನೆಂದು ಕೇಳಿ ತಿಳಿದುಕೊಳ್ಳಬಹುದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದನ್ನು ಮನೆಯ ಹಿರಿಯರಿಗೆ ಕಲಿಸಬಹುದು. ಒಬ್ಬ ಬಾಲಕಿಯು ಶಾಲೆಯ ದಾರಿಯಲ್ಲಿ ಕಾಡುವ ಪುಂಡರ ವಿಷಯವನ್ನು ಮನೆಯವರೊಡನೆ ಠಾಣೆಗೆ ಹೋಗಿ ನಿರ್ಭಯದಿಂದ ಹೇಳಬಹುದು. ತನ್ನ ತಮ್ಮನಿಗೆ ಯಾರಾದರೂ ‘ಪೊಲೀಸಪ್ಪ ಹಿಡಿದುಕೊಂಡು ಹೋಗುತ್ತಾನೆ’ ಎಂದು ಹೆದರಿಸಿದರೆ, ‘ಕಳೆದುಹೋದರೆ ಹುಡುಕಿಕೊಡುತ್ತಾನೆ’ ಎಂದು ಅವಳು ತಿದ್ದಬಹುದು. ಇಷ್ಟರಿಂದಲೇ ತಲೆತಲಾಂತರದ ಭಯವು ಕರಗಿಹೋಗುವುದಿಲ್ಲ. ಆದರೂ ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯು ಇಲ್ಲಿಯೂ ಸಲ್ಲುತ್ತದೆ.

ಹೆಬ್ಬಾಳದ ಕಲ್ಲಿನಲ್ಲಿ ಕಿತ್ತಯ್ಯನ ಹೆಸರು ಹನ್ನೆರಡು ನೂರು ವರ್ಷಗಳನ್ನು ಮೀರಿ ಉಳಿದ ಮೇಲೆ ಮತ್ತೆ ಕಣ್ಣಿಗೆ ಬಿತ್ತು. ಪ್ರಧಾನ ಅಂಚೆ ಕಚೇರಿಯ ಬಳಿ ತಿಮ್ಮಯ್ಯನವರ ಹೆಸರು ಪ್ರತಿದಿನ ಸಾವಿರಾರು ಜನರ ಬಾಯಲ್ಲಿ ಓಡಾಡುತ್ತದೆ. ಇವರಿಬ್ಬರ ನಡುವೆ ಹೆಸರು ಉಳಿಯದೆ ಹೋದ ಎಷ್ಟೋ ಕಾವಲುಗಾರರು ಊರಿನ ನಿದ್ದೆಗಾಗಿ ತಮ್ಮ ನಿದ್ದೆಯನ್ನು ಬಿಟ್ಟಿದ್ದಾರೆ. ಇಂದು ರಾತ್ರಿಯೂ ಅಲ್ಲಾಳಸಂದ್ರದ ಕೆರೆಯ ಏರಿಯ ಬಳಿ, ದೀಪವಿಲ್ಲದ ಒಂದು ತಿರುವಿನಲ್ಲಿ ಗಸ್ತಿನ ವಾಹನವು ಹಾದುಹೋಗುತ್ತದೆ. ಅದರಲ್ಲಿ ಕುಳಿತವರು ಸತ್ತ ಮೇಲೆ ಕಲ್ಲು ನಿಲ್ಲಿಸುವ ಬದಲು, ಬದುಕಿರುವಾಗಲೇ ಅವರ ಹೆಸರನ್ನು ತಿಳಿದು, ಮಾಡಿದ ಒಳಿತನ್ನು ಮೆಚ್ಚಿ, ಮಾಡಿದ ತಪ್ಪನ್ನು ಅಂಜದೆ ಕೇಳುವ ಊರೇ ನೆಮ್ಮದಿಯ ಊರು.